ಆರದ ಒಲೆ

ಅಮೆರಿಕದಲ್ಲಿ ಚಳಿಗಾಲ ಬಂತೆಂದರೆ ಬೇಸ್‌ಬಾಲ್ ಮೈದಾನಗಳಿಗೆ ಬೀಗ. ಅಭಿಮಾನಿಗಳ ಬಾಯಿಗೆ ಮಾತ್ರ ಬೀಗವಿಲ್ಲ. ಯಾರನ್ನು ಉಳಿಸಿಕೊಳ್ಳಬೇಕಿತ್ತು, ಯಾರನ್ನು ಕೊಟ್ಟು ಯಾರನ್ನು ತರಬೇಕಿತ್ತು ಎಂಬ ಚರ್ಚೆ ವಸಂತದವರೆಗೂ ನಡೆಯುತ್ತದೆ. ಹಿಂದೆ ಅಂಗಡಿಯ ಬಿಸಿ ಒಲೆಯ ಸುತ್ತ ಕುಳಿತು ಹರಟುತ್ತಿದ್ದರಂತೆ. ಅದಕ್ಕೇ ಇದಕ್ಕೆ ‘ಹಾಟ್ ಸ್ಟೋವ್ ಲೀಗ್’ ಎಂಬ ಹೆಸರು.

ಬಾಸ್ಟನ್ನಿನಲ್ಲಿ ಈ ಒಲೆ ಆರಿದ್ದೇ ಇಲ್ಲ. 1919ರ ಡಿಸೆಂಬರ್‌ನಲ್ಲಿ ರೆಡ್ ಸಾಕ್ಸ್ ಮಾಲೀಕ ಹ್ಯಾರಿ ಫ್ರೇಜಿ, ಬೇಬ್ ರೂತ್‌ನನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿದ. 1918ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿದ್ದ ತಂಡ ಮತ್ತೆ ಅದನ್ನು ಗೆದ್ದದ್ದು 2004ರಲ್ಲಿ! ನಡುವಿನ ಸೋಲುಗಳಿಗೆಲ್ಲ ರೂತನ ಶಾಪವೇ ಕಾರಣವೆಂದು ಜನ ಆಡಿಕೊಂಡರು.

2020ರ ಫೆಬ್ರುವರಿಯಲ್ಲಿ ಹಳೆಯ ಗಾಯದ ಮೇಲೆ ಮತ್ತೊಂದು ಬರೆ. 2018ರ ಗೆಲುವಿನ ತಾರೆ ಮೂಕಿ ಬೆಟ್ಸ್, ಲಾಸ್ ಏಂಜಲೀಸ್ ಡಾಡ್ಜರ್ಸ್ ಪಾಲಾದ. ಒಪ್ಪಂದ ಮುಗಿಯಲು ಒಂದೇ ವರ್ಷ ಬಾಕಿ. ಬರಿಗೈಯಾಗುವ ಬದಲು ನಾಲ್ಕು ಕಾಲ ಆಡುವ ಎಳೆಯರಾದರೂ ಸಿಗಲಿ ಎಂಬುದು ಕೆಲವರ ವಾದ. ಇಂಥ ಸಿರಿವಂತ ತಂಡಕ್ಕೂ ಹಣದ ಲೆಕ್ಕವೇ ಎಂಬುದು ಉಳಿದವರ ಸಿಟ್ಟು.

ಡಾಡ್ಜರ್ಸ್ ಬೆಟ್ಸ್‌ಗೆ 12 ವರ್ಷಕ್ಕೆ 36.5 ಕೋಟಿ ಡಾಲರ್ ಕೊಡಲು ಒಪ್ಪಿತು. ಅದೇ ವರ್ಷ ವರ್ಲ್ಡ್ ಸೀರೀಸನ್ನೂ ಗೆದ್ದಿತು. ಬದಲಿಗೆ ಬಂದ ಮೂವರಲ್ಲಿ ಪ್ರಮುಖನಾದ ಅಲೆಕ್ಸ್ ವರ್ಡುಗೊ 2023ರ ಡಿಸೆಂಬರ್‌ನಲ್ಲಿ ಹೊರಟದ್ದು ಎಲ್ಲಿಗೆ? ಅದೇ ಯಾಂಕೀಸ್‌ಗೆ! ಒಲೆಗೆ ಇನ್ನೊಂದು ಸೌದೆ ಬಿತ್ತು.