ಗುಂಡು ಎತ್ತಿದವನೇ ಗಂಡು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ಸೀಮೆಯ ಜಾತ್ರೆಯಲ್ಲಿ ತೇರು ನಿಂತ ಮೇಲೆ ಜನ ಮುಗಿಬೀಳುವುದು ಭಾರ ಎತ್ತುವ ಕಣಕ್ಕೆ!

ಗುಂಡುಕಲ್ಲು ನೋಡಿ. ದುಂಡಗೆ, ನುಣ್ಣಗೆ, ಹಿಡಿಯಲು ಹಿಡಿಕೆಯೇ ಇಲ್ಲ. ಮೊದಲು ತೊಡೆಗೆ ಏರಿಸಬೇಕು, ಎದೆಗೆ ಅವಚಿಕೊಳ್ಳಬೇಕು, ಆಮೇಲೆ ಹೆಗಲ ಮೇಲಿಂದ ಹಿಂದಕ್ಕೆ ಒಗೆಯಬೇಕು. ಬರೀ ತೋಳಿನ ಬಲ ಸಾಲದು. ಸೊಂಟ, ಉಸಿರು, ಉಪಾಯ ಎಲ್ಲವೂ ಬೇಕು. ಸಂಗ್ರಾಣಿ ಕಲ್ಲಿಗೆ ಹಿಡಿಕೆ ಕೊರೆದಿರುತ್ತಾರೆ, ಅದು ಒಂದೇ ಕೈಯ ಆಟ. ಜೋಳದ ಚೀಲವನ್ನು ಹಲ್ಲಿನಿಂದ ಕಚ್ಚಿ ಎತ್ತುವವರೂ ಇದ್ದಾರೆ!

ದೂರದ ಐರ್ಲೆಂಡಿನ ಹಳ್ಳಿಗಳಲ್ಲೂ ಹಿಂದೆ ಹೀಗೆಯೇ ಕಲ್ಲೆತ್ತಿ ಬಲ ತೋರಿಸುತ್ತಿದ್ದರು.

 

ನಿಮ್ಮೂರ ಗುಡಿಯ ಮುಂದೆಯೂ ಒಂದು ಗುಂಡುಕಲ್ಲು ಬಿದ್ದಿರಬಹುದು. ಅದನ್ನು ಎತ್ತಿದವರು ಯಾರು ಅಂತ ಅಜ್ಜನನ್ನು ಕೇಳಿ, ಹೆಸರು ಬರೆದಿಡಿ.