ಕಿಡಿಗೊಂದು ದಾರಿ ಬಿಡಿ

ಚಳಿಗಾಲದ ಒಣಹವೆ ಶುರುವಾದರೆ ಬಾಗಿಲ ಚಿಲಕ ಮುಟ್ಟಿದ ಕೂಡಲೇ ಬೆರಳಿಗೆ ‘ಚಟ್’ ಎಂದು ಏಟು. ಸ್ವೆಟರ್ ಕಳಚುವಾಗ ಚಟಪಟ ಸದ್ದು, ಕತ್ತಲಾಗಿದ್ದರೆ ನೀಲಿ ಕಿಡಿ. ಪಾಲಿಯೆಸ್ಟರ್ ಸೀರೆ ಲಂಗಕ್ಕೆ ಅಂಟಿಕೊಂಡು ನೆರಿಗೆ ನಿಲ್ಲುವುದಿಲ್ಲ. ‘ಮೈಯಲ್ಲಿ ಕರೆಂಟ್ ಜಾಸ್ತಿಯಾಗಿದೆ, ತಾಮ್ರದ ಬಳೆ ಹಾಕಿಕೊಳ್ಳಿ’ ಎನ್ನುವವರೂ ಇದ್ದಾರೆ. ಇದನ್ನು ನಂಬಬೇಡಿ. ಯಾವುದೇ ಎರಡು ವಸ್ತು ತಾಗಿ ಬೇರೆಯಾದರೆ ಒಂದರ ಮೇಲೆ ಧನ, ಇನ್ನೊಂದರ ಮೇಲೆ ಋಣ ಆವೇಶ ಉಳಿಯುತ್ತದೆ. ಇದು ಎಲ್ಲರ ಮೈಮೇಲೂ, ಮಳೆಗಾಲದಲ್ಲೂ ನಡೆಯುತ್ತದೆ. ಆಗ ಆವೇಶ ಸದ್ದಿಲ್ಲದೆ ಸೋರಿಹೋಗುತ್ತದೆ. ಒಣಹವೆಯಲ್ಲಿ ಸೋರಲು ದಾರಿಯಿಲ್ಲದೆ ಮೈಮೇಲೆ ಕೂಡುತ್ತದೆ. ಬಳೆ ನೆಲಕ್ಕೆ ತಾಗಿಲ್ಲ, ಹಾಗಾಗಿ ಅದು ದಾರಿಯಾಗದು.

ಆ ದಾರಿ ನೀರಿನದು. ತೇವದ ಗಾಳಿಯೇ ವಿದ್ಯುತ್ತನ್ನು ಹರಿಸುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಗಾಳಿ ತೇವವಾಗಿದ್ದರೂ ಒಳ್ಳೆಯ ಅವಾಹಕವೇ. ಕೆಲಸ ಮಾಡುವುದು ಬಟ್ಟೆಯ ನೂಲು, ನೆಲ, ಚರ್ಮ ಎಲ್ಲದರ ಮೇಲೂ ಕೂರುವ, ಕಣ್ಣಿಗೆ ಕಾಣದ ನೀರಿನ ತೆಳುಪೊರೆ. ಅದರಲ್ಲಿ ಕರಗಿದ ಲವಣದ ಅಯಾನುಗಳು ಆವೇಶವನ್ನು ಸಾಗಿಸುತ್ತವೆ. ಎಲೆಕ್ಟ್ರಾನಿಕ್ಸ್ ಉದ್ಯಮ ಬಹುಕಾಲದಿಂದ ಬಳಸುವ ಅಂಕಿಗಳನ್ನು ನೋಡಿ: ಶೇ 10ರಿಂದ 20ರ ಆರ್ದ್ರತೆಯಲ್ಲಿ ಕಾರ್ಪೆಟ್ ಮೇಲೆ ನಡೆದವರ ಮೈಮೇಲೆ 35,000 ವೋಲ್ಟ್‌ವರೆಗೆ ಏರಬಹುದು, ಶೇ 65 ದಾಟಿದರೆ ಅದೇ ನಡಿಗೆಗೆ ಸುಮಾರು 1,500. ಬೆರಳಿಗೆ ಏಟು ಗೊತ್ತಾಗಲು ಸುಮಾರು 3,000 ವೋಲ್ಟ್ ಬೇಕು. ಮಂಗಳೂರಿನಲ್ಲಿ ಅಪರೂಪವಾದ ಈ ಕಾಟ ಬೀದರ್, ಕಲಬುರಗಿಯ ಒಣ ದಿನಗಳಲ್ಲಿ ಹೆಚ್ಚುವುದು ಇದರಿಂದಲೇ. ಬಟ್ಟೆಗೂ ಇದೇ ಲೆಕ್ಕ. ಶೇ 65 ಆರ್ದ್ರತೆಯಲ್ಲಿ ಹತ್ತಿ ತನ್ನ ಒಣತೂಕದ ಶೇ 8ರಷ್ಟು ನೀರು ಹಿಡಿದಿಡುತ್ತದೆ, ಪಾಲಿಯೆಸ್ಟರ್ ಶೇ 0.4 ಮಾತ್ರ.

ಉಣ್ಣೆ ಹತ್ತಿಗಿಂತಲೂ ಹೆಚ್ಚು, ಶೇ 16ರಷ್ಟು ನೀರು ಹಿಡಿಯುತ್ತದಲ್ಲ, ಸ್ವೆಟರ್ ಯಾಕೆ ಚಟಗುಟ್ಟುತ್ತದೆ ಎಂದು ಕೇಳಬಹುದು. ಒಣಹವೆಯಲ್ಲಿ ಉಣ್ಣೆಯೂ ತೇವ ಕಳೆದುಕೊಳ್ಳುತ್ತದೆ. ಮೇಲಾಗಿ ಅಂಗಡಿಯ ಎಷ್ಟೋ ‘ಉಣ್ಣೆ’ ಸ್ವೆಟರ್‌ಗಳು ಅಕ್ರಿಲಿಕ್ ನೂಲಿನವು. ಸ್ವಿಚ್ ಮುಟ್ಟುವಾಗ ಕಾಪಾಡುವ ರಬ್ಬರ್ ಚಪ್ಪಲಿ ಇಲ್ಲೂ ಕಾಪಾಡಬೇಕಲ್ಲವೇ? ಇಲ್ಲ. ಅಲ್ಲಿ ಅದು ಕರೆಂಟು ನಮ್ಮ ಮೂಲಕ ನೆಲಕ್ಕೆ ಇಳಿಯದಂತೆ ತಡೆಯುತ್ತದೆ, ಇಲ್ಲಿ ಮೈಮೇಲಿನ ಆವೇಶ ಇಳಿಯಬೇಕಾದ ದಾರಿಯನ್ನೇ ಮುಚ್ಚುತ್ತದೆ. ಸಿಮೆಂಟ್ ನೆಲದ ಮೇಲೆ ಬರಿಗಾಲಲ್ಲಿ ನಡೆದರೆ ಆವೇಶ ಇಳಿಯುವುದು ನಿಜ. ಆದರೆ ಅದನ್ನೇ ಹಿಡಿದುಕೊಂಡು ಬರಿಗಾಲ ನಡಿಗೆಯಿಂದ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂದು ಹೇಳುವುದು ಜನರನ್ನು ದಾರಿ ತಪ್ಪಿಸುವ ಕೆಲಸ.

ಹಾಗಾಗಿ ಮಾಡಬೇಕಾದ್ದು ಸುಲಭ. ಮಲಗುವ ಕೋಣೆಯಲ್ಲಿ ಒದ್ದೆ ಟವೆಲ್ ಹರವಿ, ಕೈಗೆ ಎಣ್ಣೆ ಅಥವಾ ಕ್ರೀಂ ಹಚ್ಚಿ, ಸಿಂಥೆಟಿಕ್ ಸೀರೆಗೆ ಹತ್ತಿಯ ಲಂಗ ಉಡಿ, ಪ್ಲಾಸ್ಟಿಕ್ ಬಿಟ್ಟು ಮರದ ಬಾಚಣಿಗೆ ಹಿಡಿಯಿರಿ. ಬಟ್ಟೆ ಜಾಲಿಸುವ ನೀರಿಗೆ ಹಾಕುವ ಕಂಡಿಷನರ್ ಕೂಡ ನೂಲಿನ ಮೇಲೆ ತೇವ ಸೆಳೆಯುವ ಪದರ ಬಿಡುತ್ತದೆ. ಚಿಲಕವನ್ನು ಮೊದಲು ಬೀಗದ ಕೈಯಿಂದ ಮುಟ್ಟಿದರೆ ಕಿಡಿ ಅದರ ತುದಿಯಲ್ಲಿ ಹಾರುತ್ತದೆ, ಬೆರಳಿಗೆ ನೋವಿಲ್ಲ. ಮನೆಯಲ್ಲಿ ಇದು ಬರೀ ಕಿರಿಕಿರಿ. ವೋಲ್ಟ್ ಸಾವಿರಾರು ಇದ್ದರೂ ಶಕ್ತಿ ಕೆಲವೇ ಮಿಲಿಜೂಲ್. ಪೆಟ್ರೋಲ್ ಆವಿ ಹೊತ್ತಲು ಮಾತ್ರ ಒಂದು ಮಿಲಿಜೂಲ್‌ನ ಕಾಲುಭಾಗ ಸಾಕು. ಬಂಕ್‌ನಲ್ಲಿ ಕಾರಿನ ಸೀಟಿನಿಂದ ಜಾರಿ ಇಳಿದವರು ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕುವ ಮೊದಲು, ಅದರಿಂದ ದೂರದಲ್ಲಿ, ಕಾರಿನ ಬರಿಯ ಲೋಹವನ್ನು ಒಮ್ಮೆ ಮುಟ್ಟಲಿ. ಕಿಡಿ ಹಾರುವುದಿದ್ದರೆ ಅಲ್ಲೇ ಹಾರಿ ಮುಗಿಯಲಿ.