ಗುಡ್ಡದ ಮೇಲಿನ ರೇಡಿಯೊ, ರಾತ್ರಿ 2 ಗಂಟೆಯ ಡ್ಯೂಟಿ

2025ರ ಏಪ್ರಿಲ್‌ನ ಒಂದು ವಾರಾಂತ್ಯ. ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಪಾಲೊ ಆಲ್ಟೊ, ಮೆನ್ಲೊ ಪಾರ್ಕ್, ರೆಡ್‌ವುಡ್ ಸಿಟಿಗಳಲ್ಲಿ ರಸ್ತೆ ದಾಟಲು ಬಟನ್ ಒತ್ತಿದವರಿಗೆ ಎಂದಿನ ಸೂಚನೆಯ ಬದಲು ಇಲಾನ್ ಮಸ್ಕ್, ಮಾರ್ಕ್ ಝಕರ್‌ಬರ್ಗ್ ಅವರನ್ನು ಅಣಕಿಸುವ ನಕಲಿ ದನಿ ಕೇಳಿಸಿತು. ಜನ ನಕ್ಕರು, ವಿಡಿಯೊ ಮಾಡಿಕೊಂಡರು. ಆದರೆ ಆ ಸೂಚನೆ ಇರುವುದೇ ಕಣ್ಣು ಕಾಣದವರಿಗಾಗಿ. ಕೊನೆಗೆ ನಗರಾಡಳಿತಗಳು ದನಿಯನ್ನೇ ನಿಲ್ಲಿಸಬೇಕಾಯಿತು. ಇಂಥ ಬಟನ್‌ಗಳನ್ನು ಬ್ಲೂಟೂತ್ ಮೂಲಕ ಹೊಂದಿಸಬಹುದು. ಕಾರ್ಖಾನೆ ಇಟ್ಟ ಪಾಸ್‌ವರ್ಡ್ ಹಾಗೇ ಉಳಿದರೆ ದಾರಿಹೋಕನೂ ಒಳಗೆ ಕೈಯಾಡಿಸಬಹುದು.

ಇದೇ ಕುಚೇಷ್ಟೆ ನೀರಿನ ಪಂಪಿಗೆ ಆದರೆ? ಫ್ರೀಮಾಂಟ್, ಸ್ಯಾನ್ ಹೊಸೆ, ಮಿಲ್ಪಿಟಾಸ್‌ಗಳಲ್ಲಿ ನೆಲೆಸಿರುವ ನಾವು ಕನ್ನಡಿಗರೆಲ್ಲ ಮೊಬೈಲ್ ಆ್ಯಪ್ ಬರೆಯುವವರು ಎಂದೇ ಊರಲ್ಲಿ ಭಾವನೆ. ನಮ್ಮಲ್ಲಿ ಕೆಲವರ ಅನ್ನ ಇರುವುದು ಕೈಗಾರಿಕಾ ವೈರ್‌ಲೆಸ್ ರೇಡಿಯೊಗಳಲ್ಲಿ.

ರೇಡಿಯೊ ಎಂದೊಡನೆ ಹಿರಿಯರಿಗೆ ಆಕಾಶವಾಣಿ ನೆನಪಾಗುತ್ತದೆ. ಇದು ಹಾಡುವುದಿಲ್ಲ. ಗುಡ್ಡದ ಮೇಲಿನ ನೀರಿನ ಟ್ಯಾಂಕ್, ಪಂಪ್‌ಹೌಸ್, ಗ್ಯಾಸ್ ಪೈಪ್‌ಲೈನ್ ಪಕ್ಕ ಆಂಟೆನಾ ಹೊತ್ತು ಕೂತ ಸಣ್ಣ ಪೆಟ್ಟಿಗೆ ಅದು. ಮಟ್ಟ ಎಷ್ಟಿದೆ, ಒತ್ತಡ ಎಷ್ಟಿದೆ ಎಂದು ಕಂಟ್ರೋಲ್ ರೂಮಿಗೆ ಹೇಳುತ್ತದೆ. ಅಲ್ಲಿಂದ ಬಂದ ಆದೇಶವನ್ನು ಪಂಪಿಗೆ ಮುಟ್ಟಿಸುತ್ತದೆ. ಅಮೆರಿಕದಲ್ಲಿ ಇಂಥ ಅನೇಕ ಪೆಟ್ಟಿಗೆಗಳು ಲೈಸೆನ್ಸ್ ಬೇಡದ 902ರಿಂದ 928 ಮೆಗಾಹರ್ಟ್ಸ್ ತರಂಗದಲ್ಲಿ ಮಾತಾಡುತ್ತವೆ. ಗಾಳಿಯಲ್ಲಿ ಹೋಗುವ ಮಾತಿಗೆ ಗೋಡೆಯಿಲ್ಲ. ಹಾಗಾಗಿ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸಿ ಕಳಿಸಬೇಕು, ಅದರ ಕೀಲಿಯನ್ನು ಜೋಪಾನ ಮಾಡಬೇಕು. ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮೊದಲು ಆ ಕೀಲಿಯನ್ನು ಅಳಿಸಲೂಬೇಕು.

ಪೆಟ್ಟಿಗೆಯೊಳಗೆ ಕೂತ ಮೂಲ ತಂತ್ರಾಂಶವೇ ಫರ್ಮ್‌ವೇರ್. ಅದರಲ್ಲಿ ದೋಷ ಸಿಕ್ಕಾಗ ತಯಾರಕರು ಹೊಸದನ್ನು ಕೊಡುತ್ತಾರೆ. ಹಾಕುವುದೇ ತಲೆನೋವು. ಅರ್ಧದಲ್ಲಿ ಕರೆಂಟ್ ಹೋದರೆ ಪೆಟ್ಟಿಗೆ ಇಟ್ಟಿಗೆಯಾಗಬಹುದು. ಆಗ ಯಾರಾದರೂ ಗುಡ್ಡ ಹತ್ತಲೇಬೇಕು. ಕಡತ ಅಸಲಿಯೇ ಎಂದು ಮೊದಲು ಪರೀಕ್ಷಿಸುತ್ತಾರೆ, ಹಳೆಯ ಸೆಟ್ಟಿಂಗ್ ತೆಗೆದಿಡುತ್ತಾರೆ, ಒಂದೆರಡರ ಮೇಲೆ ಪ್ರಯೋಗಿಸುತ್ತಾರೆ. ಸಾಮಾನ್ಯವಾಗಿ ದೂರದ ಪೆಟ್ಟಿಗೆ ಮೊದಲು, ಕಚೇರಿಯದು ಕೊನೆಗೆ. ಹತ್ತಿರದ್ದನ್ನು ಮೊದಲು ಬದಲಿಸಿದರೆ ಅದರ ಹೊಸ ಮಾತು ಹಳೆಯದಕ್ಕೆ ತಿಳಿಯದೆ ದೂರದ್ದರ ಸಂಪರ್ಕವೇ ಕಡಿದುಹೋದೀತು. ಇದೆಲ್ಲ ನಡೆಯುವುದು ನೀರಿನ ಬಳಕೆ ಕಡಿಮೆ ಇರುವ ರಾತ್ರಿ ಹೊತ್ತು. ಬೇಸಿಗೆಯಲ್ಲಿ ಇಲ್ಲಿ 2 ಗಂಟೆ ರಾತ್ರಿ ಎಂದರೆ ಊರಲ್ಲಿ ಮಧ್ಯಾಹ್ನ 2.30. ಊಟ ಮುಗಿಸಿ ಅಮ್ಮ ಮಾಡಿದ ಫೋನನ್ನು ಮಗಳು ಎತ್ತದಿದ್ದರೆ ಕಾರಣ ಹೀಗೂ ಇರಬಹುದು.

ಇಷ್ಟು ಕಷ್ಟವಿರುವುದರಿಂದಲೇ ಅನೇಕ ಕಡೆ ಕೆಲಸ ಮುಂದೂಡುತ್ತಾರೆ. ಸ್ಯಾನ್ ಹೊಸೆಯ ಫೋರ್‌ಸ್ಕೌಟ್ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಕೈಗಾರಿಕೆಗಳು ಬಳಸುವ ಒಂದು ಬಗೆಯ ಸೆಲ್ಯುಲರ್ ರೌಟರ್‌ಗಳಲ್ಲಿ 21 ದೋಷಗಳನ್ನು ಪ್ರಕಟಿಸಿತು. ಇಂಟರ್‌ನೆಟ್‌ಗೆ ತೆರೆದುಕೊಂಡಿದ್ದ ಅಂಥ ರೌಟರ್‌ಗಳು 86,000ಕ್ಕೂ ಹೆಚ್ಚು. 2019ರಿಂದ ಗೊತ್ತಿದ್ದ ದೋಷಗಳಿಗೆ ಮದ್ದು ಹಾಕಿದ್ದು ಖಚಿತವಾದದ್ದು ಶೇ 10ಕ್ಕಿಂತ ಕಡಿಮೆ! ಹೊಸ ದೋಷಗಳಿಗಿಂತ ನಮ್ಮನ್ನು ಕಂಗೆಡಿಸಿದ್ದು ಈ ಸಂಖ್ಯೆ.

2021ರ ಜನವರಿಯಲ್ಲಿ ಬೇ ಏರಿಯಾದ ನೀರು ಶುದ್ಧೀಕರಣ ಘಟಕವೊಂದಕ್ಕೆ ಯಾರೋ ದೂರದಿಂದ ನುಗ್ಗಿ ತಂತ್ರಾಂಶಗಳನ್ನು ಅಳಿಸಿದ್ದು ವರದಿಯಾಗಿತ್ತು. ಅಲ್ಲಿ ರೇಡಿಯೊ ಭೇದಿಸಿರಲಿಲ್ಲ. ಬಳಸಿದ್ದು ಕೆಲಸ ಬಿಟ್ಟುಹೋದ ನೌಕರನ ಹಳೆಯ ಪಾಸ್‌ವರ್ಡ್. ಪುಣ್ಯಕ್ಕೆ ಯಾರಿಗೂ ತೊಂದರೆಯಾಗಲಿಲ್ಲ.

ಕಾನೂನೂ ಎಚ್ಚೆತ್ತಿದೆ. ಪ್ರತಿ ಸಾಧನಕ್ಕೂ ಬೇರೆಯದೇ ಪಾಸ್‌ವರ್ಡ್ ಇರಬೇಕು, ಇಲ್ಲವೇ ಮೊದಲ ಬಳಕೆಗೇ ಬದಲಿಸುವಂತಿರಬೇಕು ಎನ್ನುವ ಕ್ಯಾಲಿಫೋರ್ನಿಯಾ ಕಾಯ್ದೆ 2020ರ ಜನವರಿ 1ರಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲೇ ಕಂಬ ಏರಿ ಕೂತವುಗಳನ್ನು ಕೈಯಾರೆ ಸರಿಮಾಡಬೇಕಷ್ಟೆ.

ಇನ್ನು ಊರಿನ ಮಾತು. ಅಪ್ಪ–ಅಮ್ಮನನ್ನು ಇಲ್ಲಿಂದಲೇ ನೋಡಲೆಂದು ಮನೆಗೆ ಕ್ಯಾಮೆರಾ ಹಾಕಿಸಿ ಬಂದವರು ನಮ್ಮಲ್ಲಿ ಬಹಳ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಇಂಥದೇ ಕ್ಯಾಮೆರಾ, ರೌಟರ್‌ಗಳನ್ನು ಕಾರ್ಖಾನೆಯ ಪಾಸ್‌ವರ್ಡ್‌ನಿಂದಲೇ ವಶಪಡಿಸಿಕೊಂಡಿತ್ತು. ಈ ಭಾನುವಾರ ವಿಡಿಯೊ ಕಾಲ್ ಬಂದಾಗ ‘ನಮ್ಮ ಕ್ಯಾಮೆರಾದ ಪಾಸ್‌ವರ್ಡ್ ಬದಲಿಸಿದ್ದೀಯೇನೋ?’ ಎಂದು ಕೇಳಿ ನೋಡಿ.